ಆವಕ-ಜಾವಕದ ಬಾಯಾರು

ಹೋದ ತಿಂಗಳು ಶೋಭಾ ಫೋನ್ ಮಾಡಿ, "ಅಕ್ಕಾ, ಬಾಯಾರು ಹೋದ್ರಂತ್ರಿ" ಎಂದಳು. ನನ್ನ ಬಾಯಿಂದ ಮೊದಲು ಹೊರಬಿದ್ದದ್ದು ಅಯ್ಯೋ ಎಂಬ ಮಾತಲ್ಲ. "ಯಾರು ಹೇಳಿದ್ರು? ಅವರು ಕಣ್ಣಾರೆ ನೋಡ್ಯಾರೇನು?" ಎಂದು ಕೇಳಿದೆ. ಆ ಕಡೆ ಅಳುತ್ತಿದ್ದವಳು ಅಷ್ಟರಲ್ಲೇ ನಕ್ಕುಬಿಟ್ಟಳು. "ನೀವೂ ಅವರಂಗ ಆಗೀರಿ ನೋಡ್ರಿ" ಎಂದಳು.

ಸುದ್ದಿ ನಿಜವಾಗಿತ್ತು. ಧಾರವಾಡದಲ್ಲಿ ತಂಗಿಯ ಮನೆಯಲ್ಲಿ ಬೆಳಗಿನ ಚಹಾ ಮುಗಿಸಿ, ಪತ್ರಿಕೆ ಓದುತ್ತ ಕೂತಲ್ಲೇ ಹೋಗಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಮ್ಮ ಹೆಸರಿದ್ದ ಯಾವ ಕಾಗದವನ್ನೂ ಎರಡು ಸಲ ಓದದೆ ಮುಂದೆ ಬಿಟ್ಟವರಲ್ಲ ಅವರು. ಇದನ್ನು ಓದಲು ಈಗ ಅವರಿಲ್ಲ. ನಮ್ಮ ಕಡೆ ಕಚೇರಿಯಲ್ಲಿ ಹಿರಿಯ ಹೆಣ್ಣುಮಕ್ಕಳನ್ನು 'ಬಾಯಾರು' ಎಂದು ಕರೆಯುವುದು ವಾಡಿಕೆ. ಅಷ್ಟು ಸಾಕು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಗೆ ಟೈಪಿಸ್ಟ್ ಆಗಿ ಸೇರಿದೆ. ಪಂಪ್‌ಸೆಟ್ಟಿನ ಮೋಟಾರು ಮಾಡುವ ಕಾರ್ಖಾನೆ. ಹಿಂದಿನ ಶೆಡ್ಡಿನಲ್ಲಿ ಮೂವತ್ತು ನಲವತ್ತು ಹುಡುಗಿಯರು ತಾಮ್ರದ ತಂತಿಯಿಂದ ಕಾಯಿಲ್ ಸುತ್ತುತ್ತಿದ್ದರು. ಮುಂದಿನ ಭಾಗದಲ್ಲಿ ಕಚೇರಿ. ಬಾಗಿಲ ಪಕ್ಕದ ಮೇಜು ಬಾಯಾರದು. ಒಳಗೆ ಬರುವ ಪ್ರತಿ ಕಾಗದಕ್ಕೂ ತಾರೀಖಿನ ಮೊಹರು ಒತ್ತಿ ಆವಕ ಪುಸ್ತಕದಲ್ಲಿ ನಂಬರು ಹಾಕುವುದು, ಹೊರಗೆ ಹೋಗುವ ಪ್ರತಿ ಕಾಗದವನ್ನೂ ಜಾವಕ ಪುಸ್ತಕದಲ್ಲಿ ಬರೆದುಕೊಳ್ಳುವುದು, ಇದೇ ಅವರ ಕೆಲಸ. ಆಗಲೇ ಐವತ್ತರ ಹತ್ತಿರದವರು. ಬಲಗೈ ಹೆಬ್ಬೆರಳಿನ ಉಗುರಿಗೆ ಮೊಹರಿನ ನೇರಳೆ ಶಾಯಿ ಹತ್ತಿ ಹತ್ತಿ ಅದು ಉಗುರಿನ ಬಣ್ಣವೇ ಆಗಿಹೋಗಿತ್ತು.

ಅವರಷ್ಟು ಸಂಶಯದ ಮನುಷ್ಯರನ್ನು ನಾನು ಕಂಡಿಲ್ಲ. ಊಟಕ್ಕೆ ಏಳುವಾಗ ಮೊಹರನ್ನು ಡ್ರಾದಲ್ಲಿಟ್ಟು ಬೀಗ ಹಾಕಿ, ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಿದ್ದರು. ಯಾರಾದರೂ ಪೇಢೆ ಕೊಟ್ಟರೆ, "ಯಾಕ?" ಎನ್ನುತ್ತಿದ್ದರು. ಒಮ್ಮೆ ಅವರ ಬಸ್ ಪಾಸ್ ಕಾಣದಾದಾಗ ಎಲ್ಲರ ಮುಂದೆ ನನ್ನ ಚೀಲ ತೆಗೆಸಿ ನೋಡಿದರು. ಪಾಸು ಅವರದೇ ಪಂಚಾಂಗದೊಳಗೆ ಸಿಕ್ಕಿತು. ಕ್ಷಮೆ ಕೇಳಲಿಲ್ಲ. "ನಿನ್ನ ಚೀಲದಾಗ ಇಲ್ಲ ಅಂತ ಖಾತ್ರಿ ಆತಲ್ಲ, ನಿನಗ ಛಲೋನ ಆತು" ಎಂದರು. ಅವತ್ತು ನಾನು ಶೌಚಾಲಯದೊಳಗೆ ಹೋಗಿ ಅತ್ತೆ. ಹೀಗಾಗಿ ಅವರಿಗೆ ಗೆಳತಿಯರು ಯಾರೂ ಇರಲಿಲ್ಲ. ಅದು ಅವರಿಗೆ ಬೇಸರವಿತ್ತೋ ಇಲ್ಲವೋ ನನಗೆ ತಿಳಿಯದು.

ಪುಸ್ತಕದಲ್ಲಿ ಒಂದು ಗೆರೆಯನ್ನೂ ಅವರು ಖಾಲಿ ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಖಾಲಿ ಜಾಗಾ ಕಂಡ್ರ ಯಾರರ ಬಂದು ಕುಂಡರ್ತಾರ ತಂಗಿ" ಎಂದಿದ್ದರು.

ಅವರು ನಮ್ಮನ್ನು ನಂಬುತ್ತಿರಲಿಲ್ಲ, ಸರಿ. ನಾವೂ ಅವರನ್ನು ನಂಬುತ್ತಿರಲಿಲ್ಲ. ದಿನಾ ಸಂಜೆ ಫೈಲು ಹಿಡಿದು ಮಾಲಕರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಶೆಡ್ಡಿನಲ್ಲಿ ಹುಡುಗಿಯರು ಆಡಿದ ಮಾತು ಮರುದಿನ ಮಾಲಕರಿಗೆ ಗೊತ್ತಿರುತ್ತಿತ್ತು. ಎರಡನ್ನೂ ಕೂಡಿಸಿ, ಬಾಯಾರೇ ಮಾಲಕರ ಕಿವಿ ಎಂದು ನಾವು ತೀರ್ಮಾನಿಸಿದ್ದೆವು. ಮಾತು ಒಯ್ಯುತ್ತಿದ್ದವನು ಶೆಡ್ಡಿನ ಸೂಪರ್‌ವೈಸರ್ ಎಂದು ತಿಳಿದದ್ದು ಬಹಳ ತಡವಾಗಿ.

ಆ ಸೂಪರ್‌ವೈಸರ್ ವಿಷಯಕ್ಕೇ ಬರುತ್ತೇನೆ. ಶೆಡ್ಡಿನ ಹಾಜರಿ ಪುಸ್ತಕ, ರಜೆ, ಹೆಚ್ಚಿನ ಪಾಳಿ, ಯಾರ ಕಾಯಿಲ್ ಪಾಸು, ಯಾರದು ಕೆಟ್ಟಿತು, ಎಲ್ಲ ಅವನ ಕೈಯಲ್ಲಿತ್ತು. ಕಾಯಿಲ್ ಸುತ್ತುವಾಗ ಎರಡೂ ಕೈ ತಂತಿಯ ಮೇಲಿರಬೇಕು. ಕೈ ಬಿಟ್ಟರೆ ತಂತಿ ಸಡಿಲಾಗಿ ಇಡೀ ಕಾಯಿಲ್ ಕೆಡುತ್ತದೆ. ಅವನು ಬಂದು ಹಿಂದೆ ನಿಲ್ಲುತ್ತಿದ್ದುದು ಆ ಹೊತ್ತಿಗೇ. ಹುಡುಗಿ ಕೈ ಬಿಡುವಂತಿಲ್ಲ, ತಿರುಗುವಂತಿಲ್ಲ. ಕೈ ಬಿಟ್ಟರೆ ಅವಳ ಹೆಸರಿನ ಮುಂದೆ ಕೆಟ್ಟ ಕಾಯಿಲ್ ಒಂದು ಎಂದು ಅವನೇ ಬರೆಯುತ್ತಿದ್ದ.

ಹೆಬ್ಬಳ್ಳಿಯಿಂದ ಬರುತ್ತಿದ್ದ ಶೋಭಾ ಆಗ ಇಪ್ಪತ್ತರ ಹುಡುಗಿ. ಒಂದು ದಿನ ಅವಳು ತಂತಿ ಬಿಟ್ಟಳು. ತಿರುಗಿ ನಿಂತು ಅವನನ್ನು ಎರಡೂ ಕೈಯಿಂದ ನೂಕಿದಳು. ಆಮೇಲೆ ನನ್ನ ಹತ್ತಿರ ಬಂದು, "ಅಕ್ಕಾ, ಒಂದು ಅರ್ಜಿ ಟೈಪ್ ಮಾಡಿ ಕೊಡ್ರಿ" ಎಂದಳು. ನಾನು ಊಟದ ಬಿಡುವಿನಲ್ಲಿ ಮಾಡಿಕೊಟ್ಟೆ. ನೀಚ, ದುಷ್ಟ, ಹೆಣ್ಣುಕುಲಕ್ಕೆ ಕಂಟಕ ಎಂದೆಲ್ಲ ಹಾಕಿದ್ದೆ. ಆದರೆ ಅರ್ಜಿ ಹೋಗಬೇಕಾದದ್ದು ಬಾಯಾರ ಮೇಜಿನ ಮೇಲಿಂದಲೇ. ಅದು ಅಲ್ಲಿಂದ ಮುಂದೆ ಹೋಗುವುದಿಲ್ಲ ಎಂದು ನಮಗಿಬ್ಬರಿಗೂ ಖಾತ್ರಿಯಿತ್ತು.

ಬಾಯಾರು ಓದಿದರು. ಕನ್ನಡಕ ಹಣೆಗೇರಿಸಿ ಶೋಭಾಳನ್ನು ದಿಟ್ಟಿಸಿದರು.

"ಖರೇ ಏನಿದು?"

"ಖರೇರಿ."

"ಯಾವತ್ತು? ಎಷ್ಟು ಹೊತ್ತಿಗೆ? ಯಾವ ಮಷೀನಿನ ಮುಂದ? ಬಾಜೂಕ ಯಾರಿದ್ರು? ಇದಕ್ಕೂ ಮೊದಲ ಆಗಿತ್ತೇನು? ಆವಾಗ ಯಾಕ ಸುಮ್ಮನಿದ್ದಿ? ಅವನ ಜೋಡಿ ನಿಂದ ಬ್ಯಾರೆ ಏನರ ಜಗಳ ಐತೇನು?"

ಶೋಭಾ ಅಳತೊಡಗಿದಳು. ನನಗೆ ಮೈಯೆಲ್ಲ ಉರಿಯಿತು. ಇವರು ಯಾರ ಕಡೆಯ ವಕೀಲರು ಎಂದುಕೊಂಡೆ. ಬಾಯಾರು ಮಾತ್ರ ಕಾಗದವನ್ನು ನನ್ನ ಕಡೆ ತಳ್ಳಿದರು.

"ಈ ನೀಚ, ದುಷ್ಟ ಎಲ್ಲಾ ತಗಿ. ಬೈಗಳಾ ಬರದ್ರ ಬೈಗಳಾನ ಓದ್ತಾರ, ಆಗಿದ್ದು ಓದಂಗಿಲ್ಲ. ದಿನಾ ಹಾಕು, ವ್ಯಾಳ್ಯಾ ಹಾಕು, ಬಾಜೂಕ ಇದ್ದಾವ್ರ ಹೆಸರ ಹಾಕು. ಎರಡು ಪ್ರತಿ ತಗದು ತಾ."

ಎರಡು ಪ್ರತಿ ತಂದೆ. ಎರಡಕ್ಕೂ ಮೊಹರು ಒತ್ತಿ, ಆವಕ ನಂಬರು ಬರೆದು, ಒಂದನ್ನು ಶೋಭಾಳ ಕೈಗೆ ಕೊಟ್ಟರು. "ಇದನ್ನ ಮನ್ಯಾಗ ಇಡು. ಇಲ್ಲಿ ಯಾರ ಕೈಯಾಗೂ ಕೊಡಬ್ಯಾಡ. ನನ್ನ ಕೈಯಾಗೂ ಕೊಡಬ್ಯಾಡ" ಎಂದರು.

ಅದಕ್ಕೂ ಕೆಲವು ತಿಂಗಳ ಮುಂಚೆ ಅವರು ಇನ್ನೊಂದು ಕೆಲಸ ಮಾಡಿದ್ದರು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ಅದನ್ನು ತಡೆಯುವುದು ಮಾಲಕರ ಹೊಣೆ, ದೂರು ಕೇಳಲು ಹೆಣ್ಣುಮಗಳೊಬ್ಬಳ ಹಿರಿತನದಲ್ಲಿ ಸಮಿತಿ ಇರಬೇಕು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಬಾಯಾರು ಅದನ್ನು ಕತ್ತರಿಸಿ ಹಾಳೆಗೆ ಅಂಟಿಸಿ, ಅದಕ್ಕೂ ಒಂದು ಆವಕ ನಂಬರು ಕೊಟ್ಟು, ಉಳಿದ ಕಾಗದಗಳ ನಡುವೆ ಮಾಲಕರ ಮುಂದಿಟ್ಟಿದ್ದರು. ಮಾಲಕರು ಓದದೆ 'ನೋಡಿದೆ' ಎಂದು ಬರೆದು ಸಹಿ ಮಾಡಿದ್ದರು. ಆಗ ನಾವೆಲ್ಲ ನಕ್ಕಿದ್ದೆವು, ಬಾಯಾರು ಪತ್ರಿಕೆಗೂ ಮೊಹರು ಒತ್ತುತ್ತಾರೆಂದು.

ಮಾಲಕರು ಕೆಟ್ಟ ಮನುಷ್ಯರೇನಲ್ಲ. ಹತ್ತಿ ವ್ಯಾಪಾರದ ಮನೆತನ, ಹಣೆಯ ತುಂಬ ವಿಭೂತಿ. ಹುಡುಗಿಯರ ಮದುವೆಗೆ ತಪ್ಪದೆ ಬರುತ್ತಿದ್ದರು. ಶೋಭಾಳ ಅರ್ಜಿ ಓದಿ ಅವರು ಮಾಡಿದ ನ್ಯಾಯವೆಂದರೆ, ಅವಳನ್ನು ಶೆಡ್ಡಿನಿಂದ ಉಗ್ರಾಣಕ್ಕೆ ಹಾಕಿದ್ದು. ಆ ಆದೇಶ ಬರೆದುಕೊಳ್ಳಲು ನನ್ನನ್ನು ಒಳಗೆ ಕರೆದಿದ್ದರು. ಬಾಯಾರೂ ಇದ್ದರು.

"ಉಗ್ರಾಣದ ಕೀಲಿನೂ ಅವನ ಕಡೇನ ಐತ್ರಿ ಸಾವಕಾರ್ರ" ಎಂದರು ಬಾಯಾರು.

"ಮತ್ತೇನ ಮಾಡ್ಲಿ? ಅವನ್ನ ತಗದ್ರ ಶೆಡ್ಡ್ ಯಾರು ನಡಸ್ತಾರ? ಮುಟ್ಟಿದ್ದು ಅವನ ಕೈ, ಬಾಯಾರ. ಅದು ಅವರಿಬ್ಬರ ವಿಷಯ. ಇದರಾಗ ನಂದೇನೈತಿ?"

"ಕೈ ಅವಂದ್ರಿ. ಆದ್ರ ಹಾಜರಿ ಬರಿಯಾಕ ಆ ಕೈಗೆ ಪೆನ್ನು ಕೊಟ್ಟಾವ್ರು ನೀವು. ಹುಡುಗ್ಯಾರು ಇಷ್ಟು ದಿನಾ ಅಂಜಿದ್ದು ಆ ಪೆನ್ನಿಗೆ."

ಮಾಲಕರ ಮುಖ ಕೆಂಪಾಯಿತು. "ಬರಕೋ" ಎಂದರು ನನಗೆ. ಬರೆದುಕೊಂಡೆ. ಅವತ್ತೂ ನನಗೆ ಬಾಯಾರ ಮೇಲೆ ನಂಬಿಕೆ ಬರಲಿಲ್ಲ. ನನ್ನ ಮುಂದೆ ಹೀಗೆ ಆಡಿ ನನ್ನ ಬಾಯಿ ಬಿಡಿಸಲು ನೋಡುತ್ತಿದ್ದಾರೆ ಎಂದುಕೊಂಡೆ.

ಶೋಭಾ ಉಗ್ರಾಣಕ್ಕೆ ಹೋಗಲು ಒಪ್ಪಲಿಲ್ಲ. ಇನ್ನೆರಡು ಅರ್ಜಿ ಕೊಟ್ಟಳು. ಎರಡಕ್ಕೂ ಮೊಹರು ಬಿತ್ತು, ಉತ್ತರ ಬರಲಿಲ್ಲ. ಕೊನೆಗೆ, ಹೇಳದೆ ಗೈರುಹಾಜರಿ ಎಂದು ಕಾರಣ ಕೊಟ್ಟು ಅವಳನ್ನು ಕೆಲಸದಿಂದ ತೆಗೆದರು. ಅವಳು ಸುಮ್ಮನಾಗಲಿಲ್ಲ. ಧಾರವಾಡದ ಒಬ್ಬ ವಕೀಲೆಯನ್ನು ಹಿಡಿದು ಕಾರ್ಮಿಕ ನ್ಯಾಯಾಲಯಕ್ಕೆ ಹೋದಳು.

ಆಗ ಮಾಲಕರ ವಕೀಲರು ಕಾರ್ಖಾನೆಗೆ ಬರತೊಡಗಿದರು. ಒಂದು ಮಧ್ಯಾಹ್ನ ನನ್ನಿಂದ ಆದೇಶವೊಂದನ್ನು ಟೈಪ್ ಮಾಡಿಸಿದರು. ಮಹಿಳಾ ದೂರು ಸಮಿತಿ ನೇಮಿಸಲಾಗಿದೆ. ಅಧ್ಯಕ್ಷೆ ಮಾಲಕರ ಸೊಸೆ, ಸದಸ್ಯೆ ನಾನು. ತಾರೀಖು ಮಾತ್ರ ಒಂದು ವರ್ಷ ಹಿಂದಿನದು. "ಸಮಿತಿ ಇತ್ತು, ಆಕಿ ಅಲ್ಲಿಗೆ ಬರಲೇ ಇಲ್ಲ ಅಂತ ಹೇಳಬಹುದು. ಇಲ್ಲಿ ಸಹಿ ಮಾಡವಾ" ಎಂದರು ವಕೀಲರು, ಮಗಳಿಗೆ ಹೇಳುವಷ್ಟು ಮೆತ್ತಗೆ.

ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಕೋರ್ಟು ಕಚೇರಿಯಲ್ಲಿ ಹೆಸರು ಬಂದರೆ ಗಂಡಿನ ಕಡೆಯವರು ಹಿಂದೆ ಸರಿದಾರು ಎಂಬ ಅಂಜಿಕೆ. ಇರುವ ಕೆಲಸವೂ ಹೋದರೆ ಎಂಬ ಅಂಜಿಕೆ. ಸಹಿ ಮಾಡಿದೆ.

ಆ ಕಾಗದ ಬಾಯಾರ ಮೇಜಿಗೆ ಬಂತು. ವಕೀಲರೇ ತಂದುಕೊಟ್ಟು, "ಜಾವಕದಾಗ ಆ ತಾರೀಖಿಗೆ ಹಚ್ಚಿಬಿಡ್ರಿ" ಎಂದರು.

"ಆ ತಾರೀಖಿಗೆ ಗೆರಿ ಇಲ್ರಿ. ಎಲ್ಲಾ ತುಂಬ್ಯಾವ."

"ಹಂಗಾದ್ರ ಹೊಸಾ ಪುಸ್ತಕ ತಗೊಂಡು ಎಲ್ಲಾ ಇಳಿಸಿಬಿಡ್ರಿ. ಹಳೇದಕ್ಕ ಗೆದ್ದಲ ಹತ್ತಿತ್ತು ಅಂದ್ರಾತು."

"ಇಳಸಬಹುದ್ರಿ. ಆದ್ರ ವರ್ಷಕ್ಕೊಮ್ಮೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಸಾಹೇಬ್ರು ಬಂದಾಗ ಪುಸ್ತಕದ ಮ್ಯಾಲೆ ಅವರ ಸಹಿ ತಗೊಂಡೇನಿ. ಆ ಸಹಿ ಯಾರು ಮಾಡ್ತೀರಿ, ನೀವೋ, ಸಾವಕಾರ್ರೋ?"

ವಕೀಲರು ಕಾಗದ ಮಡಚಿಕೊಂಡು ಒಳಗೆ ಹೋದರು. ಬಾಯಾರು ನನ್ನ ಕಡೆ ತಿರುಗಿ, "ಅದರ ಮ್ಯಾಲೆ ನೀ ಸಹಿ ಮಾಡೀಯೇನು?" ಎಂದರು. ಕೆಳಗಿದ್ದ ಸಹಿಯನ್ನು ಅವರು ನೋಡಿಯೇ ಇದ್ದರು. "ಇಲ್ರಿ" ಎಂದೆ. "ಹೌದಾ" ಎಂದಷ್ಟೇ ಹೇಳಿ ಮೊಹರನ್ನು ಡ್ರಾದಲ್ಲಿಟ್ಟು ಬೀಗ ಜಗ್ಗಿ ನೋಡಿದರು.

ಪುಸ್ತಕಗಳ ಸಮೇತ ಬಾಯಾರು ಹಾಜರಾಗಬೇಕೆಂದು ಕೋರ್ಟಿನಿಂದ ಸಮನ್ಸ್ ಬಂತು. ಹಿಂದಿನ ದಿನ ಸಂಜೆ ಅವರು ಮಾಲಕರ ಕೋಣೆಗೆ ಹೋದವರು ಒಂದು ತಾಸಾದರೂ ಹೊರಗೆ ಬರಲಿಲ್ಲ. ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ನಾನು ಬಸ್ ನಿಲ್ದಾಣದಲ್ಲಿ ಶೋಭಾಳನ್ನು ಕಂಡು, "ಬಾಯಾರ ಮ್ಯಾಲೆ ಭರೋಸೆ ಇಡಬ್ಯಾಡ. ಇವತ್ತ ಒಳಗ ಒಂದು ತಾಸು ಕುಂತಿದ್ರು. ಅವರನ್ನ ಒಲಿಸ್ಕೊಂಡಾರ" ಎಂದೆ. ಸುಳ್ಳು ಕಾಗದಕ್ಕೆ ಸಹಿ ಮಾಡಿದ ಕೈಯಲ್ಲೇ ಅವಳ ಕೈ ಹಿಡಿದುಕೊಂಡು ಹೇಳಿದೆ. ಅವಳು ರಾತ್ರಿಯಿಡೀ ನಿದ್ದೆ ಮಾಡಲಿಲ್ಲವಂತೆ.

ಒಳಗೆ ಏನಾಗಿತ್ತೆಂದು ಆಮೇಲೆ ತಿಳಿಯಿತು. ಬಾಯಾರು ಕೋರ್ಟಿಗೆ ಹೋಗಲು ಮಾಲಕರ ಮುಂದೆ ರಜೆಯ ಅರ್ಜಿ ಇಟ್ಟಿದ್ದರು. ಪುಸ್ತಕ ಹೊರಗೆ ಒಯ್ಯಲು ಇನ್ನೊಂದು ಅರ್ಜಿ. ಮಾಲಕರು ಬೈದರು, ಬೇಡಿಕೊಂಡರು, ಇಪ್ಪತ್ತು ವರ್ಷದ ಉಪ್ಪಿನ ಮಾತು ತೆಗೆದರು. ಬಾಯಾರು ನಿಂತೇ ಇದ್ದರು. ಸಮನ್ಸ್ ಬಂದ ಮೇಲೆ ತಡೆದರೆ ಅದೂ ಗುನ್ಹೆ ಎಂದು ಒಳಗೇ ಇದ್ದ ವಕೀಲರು ಹೇಳಿದ ಮೇಲೆ ಮಾಲಕರು ಎರಡಕ್ಕೂ ಸಹಿ ಹಾಕಿದ್ದರು.

ಕೋರ್ಟಿನಲ್ಲಿ ಬಾಯಾರು ಉದ್ದುದ್ದ ಮಾತಾಡಲಿಲ್ಲ. ದೂರು ಬಂದೇ ಇಲ್ಲ ಎಂದು ಮಾಲಕರ ಕಡೆಯವರು ಹೇಳಿದ್ದರು. ಬಾಯಾರು ಮೂರು ಆವಕ ನಂಬರು ತೋರಿಸಿದರು. ಮೊದಲು, ಇಂಥ ಕಾನೂನು ಇರುವುದೇ ಮಾಲಕರಿಗೆ ಗೊತ್ತಿರಲಿಲ್ಲ ಎಂದಿದ್ದರು; ಪತ್ರಿಕೆಯ ತುಣುಕು, ಕೆಳಗೆ 'ನೋಡಿದೆ' ಎಂಬ ಅಕ್ಷರ, ಸಹಿ. ಆಮೇಲೆ ಮಾತು ಬದಲಿಸಿ, ಸಮಿತಿ ಆಗಲೇ ಇತ್ತು ಎಂದಿದ್ದರು. ಆ ತಾರೀಖಿನ ಜಾವಕದಲ್ಲಿ ಅಂಥ ಆದೇಶವಿಲ್ಲ.

"ಶೋಭಾ ಮ್ಯಾಲೆ ನಿಮಗ ಪ್ರೀತಿ, ಅದಕ್ಕ ಬಂದೀರಿ, ಹೌದಲ್ಲೋ?" ಎಂದು ಮಾಲಕರ ವಕೀಲರು ಕೇಳಿದರು.

"ಇಲ್ರಿ. ಆಕಿ ಹೇಳಿದ್ದನ್ನ ನಾನೂ ಮೊದಲ ನಂಬಿರಲಿಲ್ಲ. ಕೇಳಿ ಕೇಳಿ ನೋಡಿದ ಮ್ಯಾಲೆ ನಂಬೇನಿ. ಸಾವಕಾರ್ರು ಒಂದು ಸಲಾನೂ ಕೇಳಲಿಲ್ಲ."

ಆಮೇಲೆ ನನ್ನನ್ನು ಕರೆದರು. ಶೋಭಾಳ ವಕೀಲೆ ಆದೇಶ ತೋರಿಸಿ, "ಈ ಸಹಿ ಯಾವಾಗ ಮಾಡಿದಿರಿ?" ಎಂದು ಕೇಳಿದರು. ನಾನು ಆ ಕಡೆ ಕೂತಿದ್ದ ಮಾಲಕರನ್ನು ನೋಡಿದೆ, ಹಿಂದಿನ ಬೆಂಚಿನಲ್ಲಿದ್ದ ಬಾಯಾರನ್ನು ನೋಡಿದೆ. "ನೆನಪಿಲ್ಲ" ಎಂದೆ. ಮತ್ತೆ ಕೇಳಿದರು. ಮತ್ತೆ ಅದೇ ಹೇಳಿದೆ. ಬಾಯಾರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ಕೂತಿದ್ದರು.

ತೀರ್ಪು ಬರಲು ಮತ್ತೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಸೂಪರ್‌ವೈಸರ್ ತಾನಾಗಿ ಕೆಲಸ ಬಿಟ್ಟು ಬೆಳಗಾವಿಯ ಕಡೆ ಹೋದ. ಒಳ್ಳೆಯ ನಡತೆಯವನೆಂದು ಮಾಲಕರು ಬರೆದುಕೊಟ್ಟರು. ಅದನ್ನು ಟೈಪ್ ಮಾಡಿದವಳೂ ನಾನೇ. ಜಾವಕದಲ್ಲಿ ಬರೆದುಕೊಳ್ಳುತ್ತ ಬಾಯಾರು, "ಇಂಥಾದ್ದ ಒಂದು ಕಾಗದಾ ಹಿಡಕೊಂಡ ಅಂವ ಇಲ್ಲಿಗೆ ಬಂದಿದ್ದ" ಎಂದರು.

ದೂರು ಕೈಗೆ ಬಂದ ಮೇಲೂ ಮಾಲಕರು ಸುಮ್ಮನೆ ಕೂತರು, ಅವನ ಅಧಿಕಾರ ಅವರು ಕೊಟ್ಟದ್ದು, ಆದ್ದರಿಂದ ಇದು ಇಬ್ಬರ ಖಾಸಗಿ ವಿಷಯ ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ ಎಂದಿತು ಕೋರ್ಟು. ಶೋಭಾಳನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕಾಯಿತು. ಅವಳು ಬಂದ ದಿನ ಶೆಡ್ಡಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರಿಗೂ ಅಂಜಿಕೆ. ಅವಳು ತನ್ನ ಮಷೀನಿನ ಮುಂದೆ ಕೂತು ಗೋಡೆಗೆ ಬೆನ್ನು ಬರುವಂತೆ ಅದನ್ನು ತಿರುಗಿಸಿಕೊಂಡಳು. ವಾರದೊಳಗೆ ಉಳಿದವರೂ ಒಬ್ಬೊಬ್ಬರಾಗಿ ಹಾಗೇ ತಿರುಗಿಸಿಕೊಂಡರು. ಈಗ ಅವಳದೇ ಮೋಟಾರು ರಿಪೇರಿಯ ಅಂಗಡಿಯಿದೆ.

ಬಾಯಾರನ್ನು ಮಾಲಕರು ತೆಗೆಯಲಿಲ್ಲ. ತೆಗೆದ ಕಾಗದಕ್ಕೂ ಅವರೇ ನಂಬರು ಹಾಕಬೇಕಿತ್ತಲ್ಲ ಎಂದು ನಾವು ನಗುತ್ತಿದ್ದೆವು. ವಯಸ್ಸಾಗಿ ನಿವೃತ್ತರಾದ ದಿನ ಶಾಲು ಹೊದಿಸಿ ಮಾಲಕರು, "ಬಾಯಾರು ನಮ್ಮ ಮನೀಮಗಳಿದ್ದಂಗ" ಎಂದರು. ಬಾಯಾರು ಎದ್ದು, "ಮನೀಮಗಳ ಅಲ್ರಿ, ನೌಕರ. ಮನೀಮಗಳಾಗಿದ್ರ ನನ್ನ ಮಾತು ಕೇಳಬೇಕಂತ ಕೋರ್ಟು ನಿಮಗ ಹೇಳಬೇಕಾಗತಿರಲಿಲ್ಲ" ಎಂದು ಕೂತುಬಿಟ್ಟರು. ಸಭೆ ಬೇಗ ಮುಗಿಯಿತು.

ಅವರು ಯಾಕೆ ಹೀಗೆ ಎಂದು ನಾವೆಲ್ಲ ಊಹೆ ಮಾಡುತ್ತಿದ್ದೆವು. ಎಳೆಯದರಲ್ಲಿ ಅವರಿಗೂ ಇಂಥದೇನೋ ಆಗಿರಬೇಕು ಎಂದು. ಒಮ್ಮೆ ಧೈರ್ಯ ಮಾಡಿ ಕೇಳಿಯೂ ಬಿಟ್ಟೆ. "ನಾಯಿ ಕಡೀತೈತಿ ಅಂತ ತಿಳಕೊಳ್ಳಾಕ ಕಡಿಸ್ಕೊಂಡೇ ತೀರಬೇಕೇನು?" ಎಂದು ನನ್ನನ್ನೇ ಕೇಳಿದರು. ಅದು ಉತ್ತರವೋ ತಪ್ಪಿಸಿಕೊಂಡದ್ದೋ ಇವತ್ತಿಗೂ ಗೊತ್ತಿಲ್ಲ.

ನನ್ನ ಮದುವೆಯಾಯಿತು. ಗಂಡನ ಮನೆ ಧಾರವಾಡದ ದಾರಿಯಲ್ಲಿರುವ ರಾಯಾಪುರ. ಕೆಲವು ವರ್ಷಗಳ ನಂತರ ಹುಬ್ಬಳ್ಳಿಯ ಒಂದು ಖಾಸಗಿ ಸಂಸ್ಥೆಯ ಕಚೇರಿ ಸೇರಿದೆ. ಎರಡು ಸಾವಿರದ ದಶಕ ಅರ್ಧ ಮುಗಿದ ಹೊತ್ತಿಗೆ ಅಲ್ಲಿಯೂ ಮಹಿಳಾ ದೂರು ಸಮಿತಿ ಬಂತು, ಹಿರಿಯಳೆಂದು ನನ್ನನ್ನೇ ಅಧ್ಯಕ್ಷೆ ಮಾಡಿದರು. ಹೊರಗಿನವರೊಬ್ಬರು ಸದಸ್ಯರಿರಬೇಕಿತ್ತು. ಧಾರವಾಡಕ್ಕೆ ಹೋಗಿ ಬಾಯಾರನ್ನು ಕೇಳಿದೆ.

"ಅಧ್ಯಕ್ಷಳು ನೀನಾ?" ಎಂದರು.

"ಹೌದ್ರಿ."

"ನಿನ್ನ ಮ್ಯಾಲೆ ನನಗ ನಂಬಿಕಿ ಇಲ್ಲ." ಪಂಚಾಂಗ ತೆಗೆದು ತಾರೀಖು ನೋಡುತ್ತ, "ಅದಕ್ಕ ಬರ್ತೇನಿ" ಎಂದರು.

ಎರಡನೆಯ ವರ್ಷ ಬಂದ ದೂರು ನಮ್ಮ ವಿಭಾಗದ ಮುಖ್ಯಸ್ಥರ ಮೇಲೆಯೇ. ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿತ್ತು. ಸಭೆಯಲ್ಲಿ ನಾನು, "ಇಬ್ಬರನ್ನೂ ಕರೆಸಿ ಮಾತಾಡಿ ಮುಗಿಸೋಣೇನು?" ಎಂದೆ. ಬಾಯಾರು ಚೀಲದ ಬಾಯಿ ಮುಚ್ಚಿ ಎದ್ದು ನಿಂತರು. "ಮುಗಿಸ್ರಿ. ನಾ ಬಂದಿದ್ದೆ, ಒಪ್ಪದ ಎದ್ದು ಹೋದೆ ಅಂತ ಬರಕೋರಿ" ಎಂದರು. ನಾನು ಅವರನ್ನು ಕೂಡಿಸಿದೆ. ವಿಚಾರಣೆ ನಡೆಸಿದೆವು. ದೂರಿನಲ್ಲಿ ಹೇಳಿದ್ದು ನಿಜವಾಗಿ ನಡೆದಿದೆ ಎಂದು ಬರೆದು, ಅದನ್ನು ತಡೆಯದ ಆಡಳಿತದ ಹೊಣೆಯನ್ನೂ ಕೆಳಗೆ ಬರೆದು ನಾನೇ ಮೊದಲ ಸಹಿ ಮಾಡಿದೆ. ಮುಖ್ಯಸ್ಥರು ಹೋದರು. ನನ್ನ ಬಡ್ತಿಯೂ ಹೋಯಿತು.

ಅವತ್ತು ಸಂಜೆ ಇಬ್ಬರೂ ಒಂದೇ ಬಸ್ಸಿಗೆ ಹೊರಟೆವು. ಅವರು ಕಿಟಕಿಯ ಪಕ್ಕ, ಚೀಲ ತೊಡೆಯ ಮೇಲೆ. ಎಷ್ಟೋ ವರ್ಷ ಗಂಟಲಲ್ಲಿದ್ದ ಮಾತು ಆಗ ಹೊರಬಂತು.

"ಬಾಯಾರ, ಅವತ್ತ ಕೋರ್ಟಿನ್ಯಾಗ ನನಗ ನೆನಪಿತ್ತರಿ."

"ಗೊತ್ತೈತಿ."

"ಮತ್ತ ಯಾಕ ಸುಳ್ಳು ಹೇಳಿದಿ ಅಂತ ನೀವ ನನ್ನ ಒಂದು ಸಲಾನೂ ಕೇಳಲಿಲ್ಲಲ್ರಿ."

ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಕೇಳಿದ್ರ ನೀ ಕಾರಣ ಹೇಳತಿದ್ದಿ. ಮನಿ, ಮದವಿ, ಅಂಜಿಕಿ. ಎಲ್ಲಾ ಖರೇನ ಇರತಿತ್ತು. ಕೇಳಿ ನಾ ಎಲ್ಲಿ ಒಪ್ಪಿಬಿಡ್ತೇನೋ ಅಂತ, ನನಗ ನನ್ನ ಮ್ಯಾಲೇನ ಸಂಶೇ ಇತ್ತು."